ದರ್ಪಣ ಮತ್ತು ಪ್ರತಿಬಿಂಬ

ತನ್ನ ಮೇಲೆ ಬಿದ್ದ ಬೆಳಕನ್ನು ಚದರಿಸದೆ, ಕ್ರಮ ತಪ್ಪದಂತೆ ಹಿಂದಕ್ಕೆ ಕಳುಹಬಲ್ಲ ನುಣುಪಾದ ಮೇಲ್ಮೈಗೆ ದರ್ಪಣವೆಂದು ಹೆಸರು. ಕನ್ನಡದಲ್ಲಿ ಇದು ಕನ್ನಡಿ. ತಮಿಳು ಮಲಯಾಳಗಳಲ್ಲಿ ಕಣ್ಣಾಡಿ. ಒಂದು ವಸ್ತುವಿನ ಒಂದೊಂದು ಬಿಂದುವಿನಿಂದಲೂ ಎಲ್ಲ ದಿಕ್ಕುಗಳಿಗೆ ಹೊರಟ ಕಿರಣಗಳಲ್ಲಿ ಕೆಲವು ದರ್ಪಣಕ್ಕೆ ತಾಗಿ ತಿರುಗಿದ ಮೇಲೆ ಮತ್ತೊಂದು ಬಿಂದುವಿನಲ್ಲಿ ಒಂದುಗೂಡಿದರೆ, ಇಲ್ಲವೆ ಮತ್ತೊಂದು ಬಿಂದುವಿನಿಂದ ಹೊರಟು ಬಂದಂತೆ ತೋರಿದರೆ, ಆ ಎರಡನೆಯ ಬಿಂದುವೇ ಮೊದಲನೆಯದರ ಪ್ರತಿಬಿಂಬ. ಇಂತಹ ಬಿಂದುಗಳ ಸಮುದಾಯವೇ ನಾವು ಕಾಣುವ ರೂಪ. ಕಿರಣಗಳು ನಿಜವಾಗಿ ಒಂದುಗೂಡಿದಲ್ಲಿ ಉಂಟಾಗುವುದು ಸತ್ಯ ಪ್ರತಿಬಿಂಬ; ಅದನ್ನು ಕಾಗದದ ಮೇಲೋ ತೆರೆಯ ಮೇಲೋ ಹಿಡಿಯಬಹುದು. ಅಲ್ಲಿಂದ ಹೊರಟಂತೆ ಬರಿದೆ ತೋರುವಲ್ಲಿ ಉಂಟಾಗುವುದು ಮಿಥ್ಯ ಪ್ರತಿಬಿಂಬ. ಅದು ಕಣ್ಣಿಗುಂಟು, ಕೈಗಿಲ್ಲ. ಕೈಗೆ ಎಟುಕದುದನ್ನು ‘ಕನ್ನಡಿಯೊಳಗಿನ ಗಂಟು’ ಎನ್ನುವ ನಮ್ಮ ಮಾತು ಈ ಎರಡನೆಯ ಬಗೆಯನ್ನು ಕುರಿತದ್ದು. ಗೋಡೆಗೆ ತೂಗುಹಾಕಿದ ಚಪ್ಪಟೆ ಕನ್ನಡಿಯ ಮಟ್ಟಿಗೆ ಆ ಮಾತು ಪೂರ್ಣ ಸತ್ಯ. ಆದರೆ ದರ್ಪಣವನ್ನು ತಕ್ಕಂತೆ ಬಾಗಿಸಿದಲ್ಲಿ ಒಳಗಿನ ಗಂಟು ಹೊರಗೆ ಬರುವುದೂ ಉಂಟು. ಎರಡಕ್ಕೂ ಆಧಾರವಾದ ನಿಯಮ ಒಂದೇ. ಬೇರೆಯಾಗುವುದು ಮೇಲ್ಮೈಯ ಆಕಾರ ಮಾತ್ರ.

ಪ್ರತಿಫಲನದ ನಿಯಮ

ದರ್ಪಣಕ್ಕೆ ಬಂದು ತಾಗುವ ಕಿರಣವನ್ನು ಪತನಕಿರಣವೆಂದೂ, ತಾಗಿ ತಿರುಗಿದುದನ್ನು ಪ್ರತಿಫಲಿತ ಕಿರಣವೆಂದೂ, ತಾಗಿದ ಬಿಂದುವಿನಲ್ಲಿ ಮೇಲ್ಮೈಗೆ ನೆಟ್ಟಗೆ ನಿಲ್ಲಿಸಿದ ಕಲ್ಪಿತ ರೇಖೆಯನ್ನು ಲಂಬವೆಂದೂ ಕರೆಯುತ್ತಾರೆ. ಪತನಕಿರಣವು ಲಂಬದೊಡನೆ ಮಾಡುವ ಕೋನವೂ ಪ್ರತಿಫಲಿತ ಕಿರಣವು ಅದರೊಡನೆ ಮಾಡುವ ಕೋನವೂ ಪರಸ್ಪರ ಸಮವಾಗಿರುತ್ತವೆ. ಈ ಮೂರು ರೇಖೆಗಳೂ ಒಂದೇ ಸಮತಲದಲ್ಲಿ ಇರುತ್ತವೆ. ದರ್ಪಣಶಾಸ್ತ್ರವೆಲ್ಲವೂ ಇಷ್ಟರಿಂದಲೇ ಹುಟ್ಟುತ್ತದೆ. ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡನ ಹೆಸರಿನಲ್ಲಿ ಉಳಿದುಬಂದಿರುವ ಗ್ರೀಕ್ ಗ್ರಂಥದಲ್ಲಿ ಈ ನಿಯಮ ಸ್ಪಷ್ಟವಾಗಿ ಹೇಳಲ್ಪಟ್ಟಿದೆ.

ಕ್ರಿ.ಶ. 1ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೀರೋ ಎಂಬ ಪಂಡಿತನು ಇದಕ್ಕೆ ಒಂದು ಸೊಗಸಾದ ಕಾರಣವನ್ನು ಕೊಟ್ಟನು: ವಸ್ತುವಿನಿಂದ ಹೊರಟು, ದರ್ಪಣವನ್ನು ಮುಟ್ಟಿ, ಕಣ್ಣನ್ನು ಸೇರುವ ದಾರಿಗಳಲ್ಲೆಲ್ಲ ಬೆಳಕು ಹಿಡಿಯುವುದು ಅತ್ಯಂತ ಕಿರಿದಾದ ದಾರಿಯನ್ನು. ಹೊಲದಿಂದ ಹೊರಟು, ನೇರವಾಗಿ ಹರಿಯುವ ಕಾಲುವೆಯಲ್ಲಿ ದನಗಳಿಗೆ ನೀರು ಕುಡಿಸಿಕೊಂಡು, ಅದೇ ದಂಡೆಯ ಕೊಟ್ಟಿಗೆಗೆ ಮರಳಬೇಕಾದ ರೈತನು ಯಾವ ಎಡೆಯಲ್ಲಿ ನೀರಿಗಿಳಿದರೆ ನಡಿಗೆ ಕಡಿಮೆಯಾದೀತು ಎಂದು ಯೋಚಿಸಿದರೆ, ಉತ್ತರ ಹೀಗೆ ದೊರೆಯುತ್ತದೆ: ಕೊಟ್ಟಿಗೆಯು ಈಚೆಯ ದಂಡೆಯಲ್ಲಿಲ್ಲದೆ, ಕಾಲುವೆಯ ಆಚೆಗೆ ಅಷ್ಟೇ ದೂರದಲ್ಲಿ ಇದೆಯೆಂದು ಭಾವಿಸಿ, ಹೊಲದಿಂದ ಅಲ್ಲಿಗೆ ಒಂದು ನೇರ ಗೆರೆಯನ್ನು ಎಳೆಯಬೇಕು, ಆ ಗೆರೆ ಕಾಲುವೆಯನ್ನು ಕಡಿಯುವ ಎಡೆಯೇ ನೀರಿಗಿಳಿಯತಕ್ಕ ಎಡೆ. ಅಲ್ಲಿ ಬರುವ ದಾರಿ ಹೋಗುವ ದಾರಿಗಳೆರಡೂ ದಂಡೆಯೊಡನೆ ಸಮಕೋನವನ್ನು ಮಾಡುತ್ತವೆ. ಆಚೆಯ ದಂಡೆಯ ಕಲ್ಪಿತ ಕೊಟ್ಟಿಗೆಯಾದರೋ, ಚಪ್ಪಟೆ ದರ್ಪಣದಲ್ಲಿ ಕಾಣುವ ಪ್ರತಿಬಿಂಬಕ್ಕೆ ಸರಿಯಾದ ಸ್ಥಾನದಲ್ಲಿಯೇ ಇದೆ ಎಂಬುದನ್ನು ಮುಂದೆ ಕಾಣಬಹುದು. 17ನೆಯ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ದೂರಕ್ಕೆ ಬದಲಾಗಿ ಕಾಲವನ್ನು ತಂದು ಈ ಮಾತನ್ನು ವಿಸ್ತರಿಸಿದನು.

ನಿಯಮವು ಎಲ್ಲ ಮೇಲ್ಮೈಗಳಿಗೂ ಅನ್ವಯಿಸುವುದಾದರೆ ಸುಣ್ಣ ಬಳಿದ ಗೋಡೆಯಲ್ಲಿ ನಮ್ಮ ಮುಖವೇಕೆ ಕಾಣುವುದಿಲ್ಲವೆಂಬ ಪ್ರಶ್ನೆ ಸಹಜ. ಗೋಡೆಯ ಮೈ ಸೂಕ್ಷ್ಮವಾದ ತಗ್ಗುದಿಣ್ಣೆಗಳಿಂದ ತುಂಬಿದ್ದು, ಅಲ್ಲಲ್ಲಿಯ ಲಂಬಗಳು ಬೇರೆಬೇರೆ ದಿಕ್ಕಿಗೆ ತಿರುಗಿರುವುದರಿಂದ, ಒಂದೊಂದು ಕಿರಣವೂ ನಿಯಮಕ್ಕೆ ಬದ್ಧವಾಗಿಯೇ ನಡೆದರೂ ಒಟ್ಟು ಬೆಳಕು ಚದರಿಹೋಗುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಮಿಲಿಮೀಟರಿನ ಸುಮಾರು ಎರಡು ಸಾವಿರದಲ್ಲೊಂದು ಪಾಲು. ಮೇಲ್ಮೈಯ ಒರಟು ಇದಕ್ಕಿಂತ ಬಹಳ ಕಡಿಮೆಯಾದಾಗ ಮಾತ್ರ ಅದು ಕನ್ನಡಿಯೆನಿಸಿಕೊಳ್ಳುತ್ತದೆ. ಗಾಳಿಯಿಲ್ಲದ ಹೊತ್ತಿನಲ್ಲಿ ಆಕಾಶವನ್ನು ತೋರುವ ಕೆರೆಯು ಅಲೆಯೆದ್ದೊಡನೆ ಚೂರುಚೂರಾದ ಹೊಳಪನ್ನಷ್ಟೇ ತೋರುವುದಕ್ಕೂ ಇದೇ ಬಗೆಯ ಕಾರಣ.

ಸಮತಲ ದರ್ಪಣ

ಚಪ್ಪಟೆ ದರ್ಪಣದ ಮುಂದೆ ಒಂದು ದೀಪವನ್ನಿಟ್ಟರೆ, ಅದರಿಂದ ಹರಡಿಕೊಂಡು ಬಂದ ಕಿರಣಗಳು ಪ್ರತಿಫಲನದ ಬಳಿಕವೂ ಹಾಗೆಯೇ ಹರಡುತ್ತ ಹೋಗುತ್ತವೆ. ಅವು ಎಲ್ಲಿಯೂ ಕೂಡುವುದಿಲ್ಲ. ಆದರೆ ಅವನ್ನು ಹಿಂದಕ್ಕೆ ಎಳೆದು ನೋಡಿದರೆ ಎಲ್ಲವೂ ದರ್ಪಣದ ಹಿಂದಿನ ಒಂದೇ ಬಿಂದುವಿನಲ್ಲಿ ಸೇರುತ್ತವೆ; ದೀಪವು ದರ್ಪಣದ ಮುಂದೆ ಎಷ್ಟು ದೂರವಿದೆಯೋ ಆ ಬಿಂದು ದರ್ಪಣದ ಹಿಂದೆ ಅಷ್ಟೇ ದೂರದಲ್ಲಿ, ದೀಪದಿಂದ ದರ್ಪಣಕ್ಕೆ ಎಳೆದ ಲಂಬದ ಮೇಲೆಯೇ ಇರುತ್ತದೆ. ಕಿರಣವು ದಾರಿಯಲ್ಲಿ ತಿರುಗಿತೆಂಬುದನ್ನು ಕಣ್ಣು ಅರಿಯದು; ನೇರವಾಗಿ ಬಂದಿತೆಂದೇ ಬಗೆದು, ಆ ಬಿಂದುವಿನಲ್ಲಿ ದೀಪವಿದೆಯೆಂದು ತಿಳಿಯುತ್ತದೆ. ಆದುದರಿಂದ ಸಮತಲ ದರ್ಪಣದ ಪ್ರತಿಬಿಂಬವು ಮಿಥ್ಯ, ನೇರ, ಮತ್ತು ವಸ್ತುವಿನಷ್ಟೇ ದೊಡ್ಡದು. ಗೋಡೆಯ ಹಿಂದೆ ಹೋಗಿ ಹುಡುಕಿದರೆ ಅಲ್ಲಿ ಬೆಳಕಿನ ಸುಳಿವೂ ಇರುವುದಿಲ್ಲ.

ಕನ್ನಡಿಯು ಎಡಬಲಗಳನ್ನು ಅದಲುಬದಲು ಮಾಡುತ್ತದೆಂದು ಹೇಳುವುದು ವಾಡಿಕೆ. ಇದಕ್ಕೆ ಪಾರ್ಶ್ವವಿಪರ್ಯಯವೆಂದು ಹೆಸರು. ಆದರೆ ಎಡಬಲಗಳನ್ನು ತಿರುಗಿಸುವ ಕನ್ನಡಿ ತಲೆಕಾಲುಗಳನ್ನೇಕೆ ತಿರುಗಿಸುವುದಿಲ್ಲವೆಂದು ಕೇಳಿದರೆ, ಮೊದಲಿನ ಮಾತೇ ಅರೆಬರೆಯೆಂದು ತಿಳಿದುಬರುತ್ತದೆ. ಪೂರ್ವದ ಗೋಡೆಯ ಕನ್ನಡಿಗೆ ಮುಖವಿಟ್ಟು ನಿಂತವನು ಉತ್ತರಕ್ಕೆ ಕೈ ಚಾಚಿದರೆ ಬಿಂಬವೂ ಉತ್ತರಕ್ಕೇ ಚಾಚುತ್ತದೆ; ಮೇಲಕ್ಕೆ ಎತ್ತಿದರೆ ಅದೂ ಮೇಲಕ್ಕೆ ಎತ್ತುತ್ತದೆ; ಪೂರ್ವಕ್ಕೆ, ಎಂದರೆ ಕನ್ನಡಿಯ ಕಡೆಗೆ ಬೆರಳು ತೋರಿದಾಗ ಮಾತ್ರ ಬಿಂಬದ ಬೆರಳು ಪಶ್ಚಿಮಕ್ಕೆ ತಿರುಗಿರುತ್ತದೆ. ಕನ್ನಡಿಯು ಪಲ್ಲಟಗೊಳಿಸುವುದು ಹಿಂದುಮುಂದುಗಳನ್ನು. ಎದುರಿಗಿರುವ ರೂಪವನ್ನು ನಮ್ಮತ್ತ ತಿರುಗಿ ನಿಂತ ಬೇರೊಬ್ಬ ಮನುಷ್ಯನೆಂದು ನಾವು ಬಗೆಯುವುದರಿಂದಲೇ ಎಡಗೈ ಬಲಗೈಯಾದಂತೆ ತೋರುವುದು. ಆಂಬುಲೆನ್ಸಿನ ಮುಂಭಾಗದಲ್ಲಿ ಅಕ್ಷರಗಳನ್ನು ತಿರುಗುಮುರುಗಾಗಿ ಬರೆಯುವುದು, ಮುಂದೆ ಹೋಗುತ್ತಿರುವ ಗಾಡಿಯ ಚಾಲಕನಿಗೆ ಅವು ಕನ್ನಡಿಯಲ್ಲಿ ನೇರವಾಗಿ ಕಾಣಲೆಂದು.

ಇಡೀ ದೇಹವನ್ನು ಕಾಣಲು ಎಷ್ಟು ಎತ್ತರದ ಕನ್ನಡಿ ಬೇಕು ಎಂಬುದೂ ಇದೇ ರೇಖಾಗಣಿತದಿಂದ ತಿಳಿಯುತ್ತದೆ. 160 ಸೆಂಟಿಮೀಟರ್ ಎತ್ತರದ ಒಬ್ಬಳ ಕಣ್ಣು ನೆಲದಿಂದ 150 ಸೆಂಟಿಮೀಟರಿನಲ್ಲಿದೆಯೆಂದು ಭಾವಿಸೋಣ. ಪಾದದಿಂದ ಹೊರಟ ಕಿರಣ ಪಾದಕ್ಕೂ ಕಣ್ಣಿಗೂ ನಡುವೆ, ಎಂದರೆ 75 ಸೆಂಟಿಮೀಟರ್ ಎತ್ತರದಲ್ಲಿ ಕನ್ನಡಿಯನ್ನು ತಾಗಿ ಕಣ್ಣಿಗೆ ಬರುತ್ತದೆ. ನೆತ್ತಿಯಿಂದ ಹೊರಟದ್ದು 155 ಸೆಂಟಿಮೀಟರ್ ಎತ್ತರದಲ್ಲಿ ತಾಗುತ್ತದೆ. ಬೇಕಾದುದು ಇವೆರಡರ ನಡುವಿನ 80 ಸೆಂಟಿಮೀಟರ್, ಆಕೆಯ ಎತ್ತರದ ಅರ್ಧ. ಹಿಂದಕ್ಕೆ ಸರಿದು ನಿಂತರೆ ಕನ್ನಡಿಯಲ್ಲಿ ದೇಹದ ಹೆಚ್ಚು ಭಾಗ ಕಂಡೀತೆಂಬ ನಂಬಿಕೆ, ನೆಟ್ಟಗೆ ನಿಂತ ಕನ್ನಡಿಯ ಮಟ್ಟಿಗೆ ನಿಜವಲ್ಲ.

ದರ್ಪಣವನ್ನು ಒಂದು ಕೋನದಷ್ಟು ತಿರುಗಿಸಿದರೆ ಪ್ರತಿಫಲಿತ ಕಿರಣವು ಅದರ ಎರಡರಷ್ಟು ತಿರುಗುತ್ತದೆ. ಲಂಬ ಸರಿದಷ್ಟೂ ಪತನಕೋನ ಪ್ರತಿಫಲನಕೋನಗಳೆರಡೂ ಬದಲಾಗುವುದೇ ಇದಕ್ಕೆ ಕಾರಣ. ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ತಂತಿಯ ಮೂಲಕ ಬರುವ ಅತಿಕ್ಷೀಣ ವಿದ್ಯುತ್ತನ್ನು ಗುರುತಿಸಲು ಲಾರ್ಡ್ ಕೆಲ್ವಿನ್ 1858ರ ಸುಮಾರಿನಲ್ಲಿ ಉಪಯೋಗಿಸಿದ್ದು ಈ ಗುಣವನ್ನೇ: ಸೂಕ್ಷ್ಮವಾದ ಕನ್ನಡಿಯೊಂದರ ಕಾಣದ ಹೊರಳುವಿಕೆ ದೂರದ ಅಳತೆಪಟ್ಟಿಯ ಮೇಲೆ ಬೆಳಕಿನ ಚುಕ್ಕೆಯ ದೊಡ್ಡ ಚಲನೆಯಾಗಿ ಕಾಣಿಸಿಕೊಳ್ಳುತ್ತಿತ್ತು. ಸೂರ್ಯನ ಬೆಳಕನ್ನು ಅಲುಗದ ದೂರದರ್ಶಕದೊಳಕ್ಕೆ ಹಗಲೆಲ್ಲ ಕಳುಹುವ ಸೀಲೋಸ್ಟಾಟ್ ಎಂಬ ಯಂತ್ರದ ಸಮತಲ ದರ್ಪಣವು 24 ಗಂಟೆಗಳಿಗಲ್ಲ, 48 ಗಂಟೆಗಳಿಗೆ ಒಂದು ಸುತ್ತಿನ ಗತಿಯಲ್ಲಿ ತಿರುಗುವುದೂ ಇದರಿಂದಲೇ. ಬೆಂಗಳೂರಿನಲ್ಲಿ ಕೇಂದ್ರವುಳ್ಳ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಸೇರಿದ ಕೊಡೈಕನಾಲ್ ವೀಕ್ಷಣಾಲಯದಲ್ಲಿ ಸೂರ್ಯನನ್ನು ಸುರಂಗದೊಳಕ್ಕೆ ಕರೆತರುವುದು ಇಂತಹ ದರ್ಪಣಗಳೇ.

ಒಂದಕ್ಕಿಂತ ಹೆಚ್ಚು ದರ್ಪಣಗಳು

ಎರಡು ಸಮತಲ ದರ್ಪಣಗಳನ್ನು ಅಂಚು ಕೂಡುವಂತೆ ನಿಲ್ಲಿಸಿದರೆ, ಒಂದರ ಬಿಂಬವು ಮತ್ತೊಂದಕ್ಕೆ ವಸ್ತುವಾಗಿ ಬಿಂಬಗಳ ಮಾಲೆಯೇ ಹುಟ್ಟುತ್ತದೆ. 360ನ್ನು ನಡುವಣ ಕೋನದಿಂದ ಭಾಗಿಸಿದಾಗ ಸಮಸಂಖ್ಯೆ ಬಂದರೆ, ಅದರಿಂದ ಒಂದನ್ನು ಕಳೆದಷ್ಟು ಬಿಂಬಗಳು ಕಾಣುತ್ತವೆ: 90 ಡಿಗ್ರಿಗೆ ಮೂರು, 60 ಡಿಗ್ರಿಗೆ ಐದು. ಬಳೆಚೂರುಗಳನ್ನು ಹೂವಿನ ಎಸಳುಗಳಂತೆ ಜೋಡಿಸಿ ತೋರಿಸುವ ಕೆಲಿಡೋಸ್ಕೋಪ್ ಎಂಬ ಕೊಳವೆಯನ್ನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1816ರಲ್ಲಿ ಕಂಡುಹಿಡಿದದ್ದು ಈ ತತ್ತ್ವದ ಮೇಲೆ. ದರ್ಪಣಗಳು ಒಂದಕ್ಕೊಂದು ಸಮಾಂತರವಾದರೆ ಬಿಂಬಗಳಿಗೆ ಕೊನೆಯಿಲ್ಲ. ಕ್ಷೌರದಂಗಡಿಯ ಎದುರುಬದುರು ಗೋಡೆಗಳ ಕನ್ನಡಿಗಳಲ್ಲಿ ಕುಳಿತವನ ರೂಪವು ಸಾಲುಸಾಲಾಗಿ ದೂರಕ್ಕೆ ಹೋಗುತ್ತ ಮಬ್ಬಾಗುವುದು, ಒಂದೊಂದು ಪ್ರತಿಫಲನದಲ್ಲಿಯೂ ಬೆಳಕಿನ ಒಂದು ಪಾಲು ನಷ್ಟವಾಗುವುದರಿಂದ.

ಒಂದಕ್ಕೊಂದು ಲಂಬವಾಗಿರುವ ಮೂರು ದರ್ಪಣಗಳನ್ನು ಪೆಟ್ಟಿಗೆಯ ಒಳಮೂಲೆಯಂತೆ ಕೂಡಿಸಿದರೆ, ಯಾವ ದಿಕ್ಕಿನಿಂದ ಬಂದು ಮೂರನ್ನೂ ತಾಗಿದ ಕಿರಣವಾದರೂ ಬಂದ ದಿಕ್ಕಿಗೇ ಸಮಾಂತರವಾಗಿ ಹಿಂದಿರುಗುತ್ತದೆ. 1969ರ ಜುಲೈಯಲ್ಲಿ ಅಪೊಲೊ 11ರ ಯಾತ್ರಿಕರು ಗಾಜಿನಿಂದ ಮಾಡಿದ ಇಂತಹ ನೂರು ಮೂಲೆಗಳ ಒಂದು ಹಲಗೆಯನ್ನು ಚಂದ್ರನ ಮೇಲೆ ಇಟ್ಟುಬಂದರು. ಭೂಮಿಯಿಂದ ಹೊಮ್ಮಿಸಿದ ಲೇಸರ್ ಬೆಳಕು ಅದಕ್ಕೆ ತಾಗಿ ಮರಳುವ ಕಾಲವನ್ನು ಅಳೆದು ಚಂದ್ರನ ದೂರವನ್ನು ಸೆಂಟಿಮೀಟರುಗಳ ಮಟ್ಟಿಗೆ ತಿಳಿಯಲು ಸಾಧ್ಯವಾಗಿದೆ.

ಗೋಳೀಯ ದರ್ಪಣಗಳು

ಟೊಳ್ಳಾದ ಗೋಳದಿಂದ ಚಿಪ್ಪಿನಂತೆ ಕತ್ತರಿಸಿ ತೆಗೆದ ಭಾಗದ ಒಳಮೈ ಪ್ರತಿಫಲಿಸುವಂತಿದ್ದರೆ ಅದು ನಿಮ್ನದರ್ಪಣ, ಹೊರಮೈ ಪ್ರತಿಫಲಿಸುವಂತಿದ್ದರೆ ಪೀನದರ್ಪಣ. ಬೆಳಗಿದ ಸೌಟು ಒಂದೇ ಎರಡೂ ಆಗಿದೆ: ಒಳಮೈಯಲ್ಲಿ ಮುಖ ತಲೆಕೆಳಗಾಗಿಯೂ ಹೊರಮೈಯಲ್ಲಿ ನೇರವಾಗಿಯೂ ಚಿಕ್ಕದಾಗಿಯೂ ಕಾಣುತ್ತದೆ. ದರ್ಪಣದ ಮಧ್ಯಬಿಂದು ಧ್ರುವ. ಮೂಲಗೋಳದ ಕೇಂದ್ರ ವಕ್ರತಾಕೇಂದ್ರ. ಇವೆರಡನ್ನೂ ಕೂಡಿಸುವ ರೇಖೆ ಪ್ರಧಾನ ಅಕ್ಷ. ಇವುಗಳ ನಡುವಣ ದೂರ ವಕ್ರತಾತ್ರಿಜ್ಯ.

ಅಕ್ಷಕ್ಕೆ ಸಮಾಂತರವಾಗಿಯೂ ಸಮೀಪವಾಗಿಯೂ ಬಂದ ಕಿರಣಗಳು ನಿಮ್ನದರ್ಪಣಕ್ಕೆ ತಾಗಿ ಒಂದುಗೂಡುವ ಬಿಂದುವಿಗೆ ಪ್ರಧಾನ ಸಂಗಮವೆಂದೂ, ಧ್ರುವದಿಂದ ಅದಕ್ಕಿರುವ ಅಂತರಕ್ಕೆ ಸಂಗಮದೂರವೆಂದೂ ಹೆಸರು. ಸಂಗಮವು ಧ್ರುವಕ್ಕೂ ವಕ್ರತಾಕೇಂದ್ರಕ್ಕೂ ಸರಿನಡುವೆ ಇರುತ್ತದೆಂಬುದನ್ನು ಸುಲಭವಾಗಿ ತೋರಿಸಬಹುದು. ಗೋಳದ ಯಾವ ಬಿಂದುವಿನಲ್ಲಿಯೂ ಲಂಬವೆಂದರೆ ಆ ಬಿಂದುವಿನಿಂದ ಕೇಂದ್ರಕ್ಕೆ ಎಳೆದ ತ್ರಿಜ್ಯವೇ. ಸಮಾಂತರ ಕಿರಣವು ತ್ರಿಜ್ಯದೊಡನೆ ಮಾಡುವ ಕೋನವೂ, ಅದೇ ತ್ರಿಜ್ಯವು ಕೇಂದ್ರದಲ್ಲಿ ಅಕ್ಷದೊಡನೆ ಮಾಡುವ ಕೋನವೂ ಸಮ. ಪ್ರತಿಫಲಿತ ಕಿರಣ ತ್ರಿಜ್ಯದೊಡನೆ ಮಾಡುವ ಕೋನವೂ ಅಷ್ಟೇ. ಹೀಗೆ ಕೇಂದ್ರ, ತಾಗಿದ ಬಿಂದು, ಮತ್ತು ಪ್ರತಿಫಲಿತ ಕಿರಣ ಅಕ್ಷವನ್ನು ಕಡಿದ ಬಿಂದು, ಈ ಮೂರೂ ಸೇರಿ ಒಂದು ಸಮದ್ವಿಬಾಹು ತ್ರಿಭುಜವಾಗುತ್ತವೆ. ಕಿರಣ ಅಕ್ಷಕ್ಕೆ ಹತ್ತಿರವಾಗಿದ್ದಷ್ಟೂ ಅದರ ಎರಡು ಸಮಬಾಹುಗಳು ತಲಾ ತ್ರಿಜ್ಯದ ಅರ್ಧಕ್ಕೆ ಹತ್ತಿರವಾಗುತ್ತವೆ.

ನಿಮ್ನದರ್ಪಣದ ಪ್ರತಿಬಿಂಬಗಳು

20 ಸೆಂಟಿಮೀಟರ್ ಸಂಗಮದೂರದ ಒಂದು ನಿಮ್ನದರ್ಪಣವನ್ನು ಕತ್ತಲೆಕೋಣೆಯಲ್ಲಿ ನಿಲ್ಲಿಸಿ, ಉರಿಯುವ ಮೇಣದಬತ್ತಿಯನ್ನು ದೂರದಿಂದ ಅದರ ಕಡೆಗೆ ತರುತ್ತ ಹೋದರೆ, ಪ್ರತಿಬಿಂಬಗಳ ಸಮಗ್ರ ಚರಿತ್ರೆಯನ್ನೇ ಕಾಣಬಹುದು. ಬಹುದೂರದಲ್ಲಿರುವಾಗ ಜ್ವಾಲೆಯ ಅತಿಚಿಕ್ಕ ಬಿಂಬವು ದರ್ಪಣದಿಂದ 20 ಸೆಂಟಿಮೀಟರಿನಲ್ಲಿ ತಲೆಕೆಳಗಾಗಿ ಮೂಡುತ್ತದೆ. ಬತ್ತಿ 60 ಸೆಂಟಿಮೀಟರಿಗೆ ಬಂದಾಗ ಬಿಂಬವು 30ರಲ್ಲಿ, ಅರ್ಧ ಎತ್ತರದ್ದಾಗಿ ಕಾಣುತ್ತದೆ. 40ಕ್ಕೆ, ಎಂದರೆ ವಕ್ರತಾಕೇಂದ್ರಕ್ಕೆ ಬಂದಾಗ ವಸ್ತುವೂ ಬಿಂಬವೂ ಒಂದೇ ದೂರದಲ್ಲಿ, ಒಂದೇ ಅಳತೆಯಲ್ಲಿ, ಒಂದು ಮೇಲ್ಮುಖವಾಗಿ ಒಂದು ಕೆಳಮುಖವಾಗಿ ನಿಲ್ಲುತ್ತವೆ. 30ಕ್ಕೆ ಸರಿಸಿದರೆ ಬಿಂಬವು 60ಕ್ಕೆ ಹೋಗಿ ಎರಡರಷ್ಟು ದೊಡ್ಡದಾಗುತ್ತದೆ. ಇಷ್ಟರವರೆಗೆ ಎಲ್ಲವೂ ಸತ್ಯ ಪ್ರತಿಬಿಂಬಗಳು. ಒಂದು ಬಿಳಿಯ ಕಾಗದವನ್ನು ತಕ್ಕ ಎಡೆಯಲ್ಲಿ ಹಿಡಿದರೆ ತಲೆಕೆಳಗಾದ ಜ್ವಾಲೆಯು ಅದರ ಮೇಲೆ ನಡುಗುತ್ತ ನಿಲ್ಲುವುದನ್ನು ನೋಡಬಹುದು. ಬತ್ತಿ ಸಂಗಮವನ್ನೇ ತಲುಪಿದಾಗ ಕಿರಣಗಳು ಸಮಾಂತರವಾಗಿ ಹೊರಟು ಬಿಂಬ ಅನಂತಕ್ಕೆ ಸರಿಯುತ್ತದೆ. ಅದನ್ನೂ ದಾಟಿ 10 ಸೆಂಟಿಮೀಟರಿಗೆ ತಂದರೆ, ಕಾಗದದ ಮೇಲೆ ಏನೂ ಮೂಡದು. ದರ್ಪಣದೊಳಗೆ ಇಣುಕಿದಾಗ ಅದರ ಹಿಂದೆ 20 ಸೆಂಟಿಮೀಟರಿನಲ್ಲಿ ನೇರವಾದ, ಎರಡರಷ್ಟು ದೊಡ್ಡದಾದ ಮಿಥ್ಯ ಬಿಂಬ ಕಾಣುತ್ತದೆ. ಕೈಗೆ ಸಿಕ್ಕಿದ್ದ ಗಂಟು ಮತ್ತೆ ಕನ್ನಡಿಯೊಳಕ್ಕೆ ಹೋಯಿತು.

ಈ ದೂರಗಳೆಲ್ಲವೂ ಒಂದು ಸರಳ ಸೂತ್ರಕ್ಕೆ ಅಧೀನ: ವಸ್ತುದೂರದ ವ್ಯುತ್ಕ್ರಮಕ್ಕೆ ಬಿಂಬದೂರದ ವ್ಯುತ್ಕ್ರಮವನ್ನು ಕೂಡಿಸಿದರೆ ಸಂಗಮದೂರದ ವ್ಯುತ್ಕ್ರಮ ಬರುತ್ತದೆ. 1/30 ಮತ್ತು 1/60 ಕೂಡಿ 1/20 ಆಗುವುದನ್ನು ಮೇಲಿನ ಉದಾಹರಣೆಯಿಂದ ಸರಿನೋಡಬಹುದು. ದರ್ಪಣದ ಮುಂದಿನ ದೂರಗಳನ್ನು ಧನವೆಂದೂ ಹಿಂದಿನವನ್ನು ಋಣವೆಂದೂ ಎಣಿಸತಕ್ಕದ್ದು. ಬಿಂಬದೂರವನ್ನು ವಸ್ತುದೂರದಿಂದ ಭಾಗಿಸಿದರೆ ವರ್ಧನೆ ಎಷ್ಟೆಂಬುದು ತಿಳಿಯುತ್ತದೆ.

ಮುಖಕ್ಷೌರದ ಕನ್ನಡಿಯೂ ದಂತವೈದ್ಯರ ಪುಟ್ಟ ಕನ್ನಡಿಗಳಲ್ಲಿ ಕೆಲವೂ ಸಂಗಮದೊಳಗಿನ ವಸ್ತುವನ್ನು ಹಿಗ್ಗಿಸಿ ತೋರುವ ನಿಮ್ನದರ್ಪಣಗಳು. ಕಿವಿ ಮೂಗು ಗಂಟಲುಗಳ ವೈದ್ಯರು ಹಣೆಗೆ ಕಟ್ಟಿಕೊಳ್ಳುತ್ತಿದ್ದ ನಡುವೆ ತೂತುಳ್ಳ ದರ್ಪಣವು ಬೆಳಕನ್ನು ಗಂಟಲಿನ ಆಳಕ್ಕೆ ಕೂಡಿಸಿ ಕಳುಹಿ, ಅದೇ ದಾರಿಯಿಂದ ನೋಡುವ ಅನುಕೂಲವನ್ನೂ ಒದಗಿಸುತ್ತಿತ್ತು. ಫ್ರಾನ್ಸಿನ ಓಡೇಯೊ ಎಂಬಲ್ಲಿಯ ಸೌರಕುಲುಮೆಯಲ್ಲಿ ಬೆಟ್ಟದ ಇಳಿಜಾರಿನ 63 ಸಮತಲ ದರ್ಪಣಫಲಕಗಳು ಬಿಸಿಲನ್ನು ಮಹಾನಿಮ್ನದರ್ಪಣವೊಂದಕ್ಕೆ ಒಪ್ಪಿಸುತ್ತವೆ. ಅದರ ಸಂಗಮದಲ್ಲಿ 3000 ಡಿಗ್ರಿ ಸೆಲ್ಸಿಯಸಿಗೂ ಮೀರಿದ ತಾಪವನ್ನು ಪಡೆಯಬಹುದು.

ಪೀನದರ್ಪಣ

ಪೀನದರ್ಪಣಕ್ಕೆ ತಾಗಿದ ಸಮಾಂತರ ಕಿರಣಗಳು ಹರಡಿಹೋಗುತ್ತವೆ. ಅವು ದರ್ಪಣದ ಹಿಂದಿನ ಒಂದು ಬಿಂದುವಿನಿಂದ ಹೊರಟಂತೆ ತೋರುವುದರಿಂದ ಇದರ ಸಂಗಮ ಮಿಥ್ಯವಾದದ್ದು, ಸಂಗಮದೂರ ಋಣವಾದದ್ದು. ಮುಂದಿರುವ ವಸ್ತು ಹತ್ತಿರವಿರಲಿ ದೂರವಿರಲಿ, ಬಿಂಬವು ಯಾವಾಗಲೂ ಧ್ರುವಕ್ಕೂ ಸಂಗಮಕ್ಕೂ ನಡುವೆ ಮಿಥ್ಯವಾಗಿ, ನೇರವಾಗಿ, ಚಿಕ್ಕದಾಗಿ ಇರುತ್ತದೆ. 2 ಮೀಟರ್ ತ್ರಿಜ್ಯದ ಪೀನದರ್ಪಣವನ್ನುಳ್ಳ ಬಸ್ಸಿನ ಹಿಂದೆ 9 ಮೀಟರಿನಲ್ಲಿ ಒಂದು ಕಾರು ಬರುತ್ತಿದ್ದರೆ, ಅದರ ಬಿಂಬವು ಕನ್ನಡಿಯ ಹಿಂದೆ 90 ಸೆಂಟಿಮೀಟರಿನಲ್ಲಿ, ಹತ್ತರಲ್ಲೊಂದು ಪಾಲಿನ ಅಳತೆಯಲ್ಲಿ ನಿಲ್ಲುತ್ತದೆ. ಬಿಂಬ ಕುಗ್ಗಿದಷ್ಟೂ ದೃಷ್ಟಿಯ ಹರಹು ಹಿಗ್ಗುತ್ತದೆ. ವಾಹನಗಳ ಪಕ್ಕದಲ್ಲಿಯೂ, ಘಟ್ಟದ ರಸ್ತೆಗಳ ಕಡಿದಾದ ತಿರುವುಗಳಲ್ಲಿಯೂ ಪೀನದರ್ಪಣವನ್ನೇ ನಿಲ್ಲಿಸುವುದು ಇದಕ್ಕಾಗಿ. ಆದರೆ ಚಿಕ್ಕದಾಗಿ ಕಂಡುದನ್ನು ದೂರದ್ದೆಂದು ಬಗೆಯುವುದು ಮನಸ್ಸಿನ ಸ್ವಭಾವವಾದುದರಿಂದ, ಹಿಂದಿನ ವಾಹನವು ಇರುವುದಕ್ಕಿಂತ ದೂರದಲ್ಲಿದೆಯೆಂಬ ಭ್ರಮೆ ಹುಟ್ಟುವುದನ್ನು ಚಾಲಕರು ಅರಿತಿರಬೇಕು.

ಗೋಳದ ದೋಷ ಮತ್ತು ಬೇರೆ ಆಕಾರಗಳು

ಮೇಲೆ ಹೇಳಿದುದೆಲ್ಲವೂ ಅಕ್ಷದ ಸಮೀಪದ ಕಿರಣಗಳಿಗೆ ಮಾತ್ರ ಸಲ್ಲುತ್ತದೆ. ಅಂಚಿನ ಕಡೆಗೆ ಹೋದಂತೆಲ್ಲ ಕಿರಣಗಳು ಅಕ್ಷವನ್ನು ದರ್ಪಣಕ್ಕೆ ಇನ್ನೂ ಹತ್ತಿರದಲ್ಲಿ ಕಡಿಯುತ್ತವೆ. 60 ಡಿಗ್ರಿ ಪತನಕೋನವಾಗುವಷ್ಟು ದೂರದಲ್ಲಿ ತಾಗಿದ ಸಮಾಂತರ ಕಿರಣವು ಧ್ರುವಕ್ಕೇ ಬಂದು ಮುಟ್ಟುತ್ತದೆ. ಹೀಗೆ ಒಂದೇ ಬಿಂದುವಿನಲ್ಲಿ ಎಲ್ಲವೂ ಕೂಡದೆ ಬಿಂಬ ಮಸುಕಾಗುವುದಕ್ಕೆ ಗೋಳೀಯ ದೋಷವೆಂದು ಹೆಸರು. ಬೆಳಗಿನ ಓರೆ ಬಿಸಿಲಿನಲ್ಲಿ ಹಾಲು ತುಂಬಿದ ಲೋಟವನ್ನಿಟ್ಟು ನೋಡಿದರೆ, ಹಾಲಿನ ಮೇಲೆ ಎರಡು ಬೆಳಕಿನ ಬಿಲ್ಲುಗಳು ತುದಿಗೆ ತುದಿ ಕೂಡಿ ಚೂಪಾಗುವ ಆಕೃತಿಯೊಂದು ಕಾಣುತ್ತದೆ. ಲೋಟದ ಬಾಗಿದ ಒಳಮೈಯಿಂದ ತಿರುಗಿದ ಕಿರಣಗಳು ಒಂದೆಡೆ ಕೂಡಲಾರದೆ ಒತ್ತೊತ್ತಾಗಿ ಹಾದುಹೋದ ಗುರುತು ಅದು. ನಿಯಮವು ಬೆಳಕಿಗೆ ಮಾತ್ರ ಮೀಸಲಲ್ಲ. ವಿಜಾಪುರದ ಗೋಳಗುಮ್ಮಟದ ದುಂಡು ಪಡಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಮಾತು, ಬಾಗಿದ ಗೋಡೆಯನ್ನು ಮತ್ತೆಮತ್ತೆ ತಾಗುತ್ತ ಎದುರು ಬದಿಯವನ ಕಿವಿಗೆ ಸ್ಪಷ್ಟವಾಗಿ ಬರುವುದೂ ಧ್ವನಿಯ ಪ್ರತಿಫಲನದಿಂದ.

ಸಮಾಂತರವಾಗಿ ಬಂದ ಕಿರಣಗಳನ್ನೆಲ್ಲ, ಅಂಚಿನವನ್ನೂ ಬಿಡದೆ, ಒಂದೇ ಬಿಂದುವಿಗೆ ಸೇರಿಸುವ ಆಕಾರ ಪರವಲಯದ್ದು. ಕ್ರಿ.ಪೂ. 200ರ ಸುಮಾರಿನಲ್ಲಿ ಡಯೊಕ್ಲೀಸ್ ಎಂಬ ಗ್ರೀಕ್ ಗಣಿತಜ್ಞನು ಉರಿಗನ್ನಡಿಗಳನ್ನು ಕುರಿತ ಗ್ರಂಥದಲ್ಲಿ ಇದನ್ನು ಸಾಧಿಸಿದನು. ದೀರ್ಘವೃತ್ತಾಕಾರದ ದರ್ಪಣವು ತನ್ನ ಒಂದು ನಾಭಿಯಿಂದ ಹೊರಟ ಬೆಳಕನ್ನೆಲ್ಲ ಮತ್ತೊಂದು ನಾಭಿಗೆ ತಂದು ಕೂಡಿಸುತ್ತದೆ. ಇಲ್ಲಿ ಹೀರೋ ಹೇಳಿದ ಕಿರಿದಾದ ದಾರಿಯ ಮಾತು ಹೊಸ ಅರ್ಥವನ್ನು ಪಡೆಯುತ್ತದೆ: ಒಂದು ನಾಭಿಯಿಂದ ದೀರ್ಘವೃತ್ತವನ್ನು ಮುಟ್ಟಿ ಇನ್ನೊಂದಕ್ಕೆ ಹೋಗುವ ದಾರಿಗಳೆಲ್ಲವೂ ಸಮವಾದುದರಿಂದ, ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಕಾರಣವಿಲ್ಲದೆ ಬೆಳಕು ಎಲ್ಲವನ್ನೂ ಹಿಡಿಯುತ್ತದೆ. ಸಮತಲ ದರ್ಪಣದಲ್ಲಿ ಕಣ್ಣಿಗೆ ಬರುವ ದಾರಿ ಒಂದೇ. ಸತ್ಯ ಪ್ರತಿಬಿಂಬ ಮೂಡುವ ಬಿಂದುವಿಗಾದರೋ ದರ್ಪಣದ ಒಂದೊಂದು ಭಾಗವೂ ಸಮಕಾಲದ ದಾರಿಯೊಂದನ್ನು ಒದಗಿಸುತ್ತದೆ. ಸತ್ಯ ಪ್ರತಿಬಿಂಬದ ಮರ್ಮವಿರುವುದು ಈ ಸಮತೆಯಲ್ಲಿ.

ಗೋಳೀಯ ಮತ್ತು ಪರವಲಯ ದರ್ಪಣಗಳನ್ನು ಆಳವಾಗಿ ವಿವೇಚಿಸಿದ ಇನ್ನೊಬ್ಬ ಮಹಾಪುರುಷನು ಇರಾಕಿನ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ ಇಬ್ನ್ ಅಲ್ ಹೈತಮ್. ಕ್ರಿ.ಶ. 965ರ ಸುಮಾರಿನಿಂದ 1040ರ ಸುಮಾರಿನವರೆಗೆ ಬಾಳಿದ ಈತನು, ವಸ್ತು ಮತ್ತು ಕಣ್ಣುಗಳ ಸ್ಥಾನ ತಿಳಿದಿರುವಾಗ ಗೋಳೀಯ ದರ್ಪಣದ ಯಾವ ಬಿಂದುವಿನಲ್ಲಿ ಪ್ರತಿಫಲನ ನಡೆಯುತ್ತದೆಂಬ ಕಠಿಣ ಪ್ರಶ್ನೆಯನ್ನು ಶಂಕುಚ್ಛೇದಗಳ ನೆರವಿನಿಂದ ಬಿಡಿಸಿದನು; ಆ ಪ್ರಶ್ನೆ ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ದರ್ಪಣದ ದ್ರವ್ಯ

ಗಾಜಿನ ಕನ್ನಡಿ ಮನೆಮನೆಗೂ ಬರುವುದಕ್ಕೆ ಮುಂಚೆ ಕನ್ನಡಿಯೆಂದರೆ ಉಜ್ಜಿ ನುಣುಪುಗೊಳಿಸಿದ ಲೋಹ. ಬೇಲೂರಿನ ಚೆನ್ನಕೇಶವ ದೇವಾಲಯದ 12ನೆಯ ಶತಮಾನದ ಮದನಿಕೆಯರಲ್ಲಿ ದರ್ಪಣಸುಂದರಿಯೆಂದು ಹೆಸರಾದವಳು ಕೈಯಲ್ಲಿ ಕನ್ನಡಿ ಹಿಡಿದು ತನ್ನ ರೂಪವನ್ನು ನೋಡಿಕೊಳ್ಳುತ್ತ ನಿಂತದ್ದು ಲೋಹದ ಕನ್ನಡಿಗಳ ಆ ಕಾಲದಲ್ಲಿ. ಕೇರಳದ ಆರನ್ಮುಳದಲ್ಲಿ ಕೆಲವೇ ಮನೆತನಗಳು ಈ ಕಲೆಯನ್ನು ಇಂದಿಗೂ ಉಳಿಸಿಕೊಂಡು ಬಂದಿವೆ. ಆ ಕನ್ನಡಿಯ ಲೋಹದಲ್ಲಿ ತಾಮ್ರದೊಡನೆ ಮೂರರಲ್ಲೊಂದು ಪಾಲಿನಷ್ಟು ತವರ ಸೇರಿರುವುದನ್ನು ಬೆಂಗಳೂರಿನ ಸಂಶೋಧಕಿ ಶಾರದಾ ಶ್ರೀನಿವಾಸನ್ ತಮ್ಮ ಅಧ್ಯಯನಗಳಲ್ಲಿ ವಿವರಿಸಿದ್ದಾರೆ. ಗಾಜಿನ ಕನ್ನಡಿಯಲ್ಲಿ ಪ್ರತಿಫಲಿಸುವ ಪದರ ಗಾಜಿನ ಹಿಂದಿರುವುದರಿಂದ, ಬೆರಳ ತುದಿಯನ್ನು ಮುಟ್ಟಿಸಿದರೆ ಬೆರಳಿಗೂ ಬಿಂಬಕ್ಕೂ ನಡುವೆ ಸಂದು ಕಾಣುತ್ತದೆ. ಆರನ್ಮುಳದ ಕನ್ನಡಿಯಲ್ಲಿ ಪ್ರತಿಫಲನವು ಮೇಲ್ಮೈಯಲ್ಲಿಯೇ ನಡೆಯುವುದರಿಂದ ಬೆರಳು ಬೆರಳನ್ನು ಮುಟ್ಟುತ್ತದೆ. ಗಾಜಿನ ಮುಂಬದಿಯೂ ಬೆಳಕಿನ ನೂರರಲ್ಲಿ ನಾಲ್ಕರಷ್ಟು ಪಾಲನ್ನು ತಿರುಗಿಸುವುದರಿಂದ, ಓರೆಯಾಗಿ ನೋಡಿದಾಗ ಒಂದು ದೀಪಕ್ಕೆ ಹಲವು ಮಸುಕು ಬಿಂಬಗಳು ಕಾಣುವುದೂ ಉಂಟು. ಸೂಕ್ಷ್ಮ ಉಪಕರಣಗಳಲ್ಲಿ ಲೋಹದ ಲೇಪವನ್ನು ಗಾಜಿನ ಮುಂಬದಿಗೇ ಕೊಡುವುದು ಈ ದೋಷವನ್ನು ತಪ್ಪಿಸಲೆಂದು.

ದೂರದರ್ಶಕದಲ್ಲಿ ದರ್ಪಣ

ನಿಮ್ನದರ್ಪಣದ ಸತ್ಯ ಪ್ರತಿಬಿಂಬವು ಮನುಷ್ಯನ ಜ್ಞಾನಕ್ಕೆ ಸಲ್ಲಿಸಿದ ಸೇವೆಯಲ್ಲಿ ದೊಡ್ಡದು ಖಗೋಳಶಾಸ್ತ್ರದಲ್ಲಿ ಕಾಣುತ್ತದೆ. ಮಸೂರವು ಒಂದೊಂದು ಬಣ್ಣವನ್ನು ಒಂದೊಂದು ಎಡೆಯಲ್ಲಿ ಕೂಡಿಸುವುದರಿಂದ ಬಿಂಬದ ಸುತ್ತ ಬಣ್ಣದ ಅಂಚು ಮೂಡುತ್ತದೆ. ಪ್ರತಿಫಲನದ ನಿಯಮವಾದರೋ ಎಲ್ಲ ಬಣ್ಣಗಳಿಗೂ ಒಂದೇ. ಇದನ್ನರಿತ ಐಸಾಕ್ ನ್ಯೂಟನ್ 1668ರಲ್ಲಿ ತನ್ನ ಕೈಯಿಂದಲೇ ಚಿಕ್ಕ ಲೋಹದರ್ಪಣವನ್ನು ಉಜ್ಜಿ ಮೊದಲ ದರ್ಪಣ ದೂರದರ್ಶಕವನ್ನು ರಚಿಸಿದನು. ಬಳಿಕ ವಿಲಿಯಂ ಹರ್ಷೆಲ್ 1789ರಲ್ಲಿ ಸುಮಾರು 1.2 ಮೀಟರ್ ವ್ಯಾಸದ, ಐರ್ಲೆಂಡಿನ ಲಾರ್ಡ್ ರಾಸ್ 1845ರಲ್ಲಿ ಸುಮಾರು 1.8 ಮೀಟರ್ ವ್ಯಾಸದ ದರ್ಪಣಗಳನ್ನು ಆಕಾಶಕ್ಕೆ ತಿರುಗಿಸಿದರು. ಕೆಲವು ನೀಹಾರಿಕೆಗಳ ಸುರುಳಿಯಾಕಾರ ಮೊದಲು ಕಂಡದ್ದು ರಾಸನ ದರ್ಪಣದಲ್ಲಿ. ಇವರ ದರ್ಪಣಗಳೂ ಆರನ್ಮುಳದ ಕನ್ನಡಿಯಂತೆ ತಾಮ್ರ ತವರಗಳ ಬೆರಕೆಯವು. ಬೇಗ ಕಂದುವ ಅವನ್ನು ಮತ್ತೆಮತ್ತೆ ಉಜ್ಜಬೇಕಾಗುತ್ತಿತ್ತು. 1857ರ ಸುಮಾರಿನಲ್ಲಿ ಫೂಕೋ ಗಾಜಿನ ಮೇಲೆ ಬೆಳ್ಳಿಯ ತೆಳುಪದರವನ್ನು ಬಳಸಿ ದೂರದರ್ಶಕದ ದರ್ಪಣವನ್ನು ಮಾಡಿದ ಮೇಲೆ ಲೋಹದ ಕಾಲ ಮುಗಿಯಿತು. 1930ರ ದಶಕದಿಂದ ಬೆಳ್ಳಿಯ ಸ್ಥಾನಕ್ಕೆ ಅಲ್ಯೂಮಿನಿಯಂ ಬಂದಿತು. 1948ರಲ್ಲಿ ಪಾಲೊಮಾರಿನ ಬೆಟ್ಟದ ಮೇಲೆ 5 ಮೀಟರಿನ ದರ್ಪಣ ಕೆಲಸಕ್ಕೆ ನಿಂತಿತು.

ಆಕಾರದಲ್ಲಿ ಎಷ್ಟು ಅಲ್ಪವಾದ ತಪ್ಪೂ ಬಿಂಬವನ್ನು ಕೆಡಿಸಬಲ್ಲುದೆಂಬುದಕ್ಕೆ 1990ರಲ್ಲಿ ಅಂತರಿಕ್ಷಕ್ಕೆ ಏರಿಸಿದ ಹಬಲ್ ದೂರದರ್ಶಕವೇ ನಿದರ್ಶನ. ಅದರ 2.4 ಮೀಟರ್ ದರ್ಪಣದ ಅಂಚು ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲಿನಷ್ಟು ಹೆಚ್ಚು ಚಪ್ಪಟೆಯಾಗಿದ್ದುದರಿಂದ ಗೋಳೀಯ ದೋಷ ತಲೆದೋರಿ ನಕ್ಷತ್ರಗಳು ಮಸುಕಾಗಿ ಕಂಡವು. 1993ರ ಡಿಸೆಂಬರಿನಲ್ಲಿ ಯಾತ್ರಿಕರು ಅಲ್ಲಿಗೆ ಹೋಗಿ, ಅಷ್ಟೇ ಪ್ರಮಾಣದ ವಿರುದ್ಧ ದೋಷವನ್ನು ಬೇಕೆಂದೇ ಇಟ್ಟು ಮಾಡಿದ ಪುಟ್ಟ ದರ್ಪಣಗಳನ್ನು ಜೋಡಿಸಿದ ಮೇಲೆ ಬಿಂಬ ತಿಳಿಯಾಯಿತು.

ನಮ್ಮ ನಾಡಿನ ಹತ್ತಿರ, ತಮಿಳುನಾಡಿನ ಕಾವಲೂರಿನಲ್ಲಿ, ಬೆಂಗಳೂರಿನ ಖಭೌತ ಸಂಸ್ಥೆಯು ನಡೆಸುವ ವೇಣು ಬಪ್ಪು ದೂರದರ್ಶಕವು 1986ರಿಂದ ಇದೆ. ಅದರ ಮುಖ್ಯ ದರ್ಪಣದ ವ್ಯಾಸ 2.34 ಮೀಟರ್. ಇಂತಹ ದರ್ಪಣದ ಸಂಗಮದಲ್ಲಿ ಮೂಡುವುದು ಸೌಟಿನ ಒಳಮೈಯಲ್ಲಿ ಮೂಡುವಂತಹುದೇ ಆದ ತಲೆಕೆಳಗಾದ ಸತ್ಯ ಬಿಂಬ. ಚಂದ್ರನ ಬಿಂಬದ ಅಡ್ಡಳತೆಯು ಸಂಗಮದೂರದ ಒಂದೊಂದು ಮೀಟರಿಗೂ ಸುಮಾರು 9 ಮಿಲಿಮೀಟರಿನಷ್ಟು ಬೆಳೆಯುವುದು. ನಕ್ಷತ್ರದ್ದಾದರೋ ಎಷ್ಟು ದೊಡ್ಡ ದರ್ಪಣದಲ್ಲಿಯೂ ಚುಕ್ಕೆಯಾಗಿಯೇ ಉಳಿಯುವುದು, ಆದರೆ ದರ್ಪಣ ಹಿಗ್ಗಿದಷ್ಟೂ ಆ ಚುಕ್ಕೆಯಲ್ಲಿ ಸೇರುವ ಬೆಳಕು ಹೆಚ್ಚುವುದು. ಬರಿಗಣ್ಣಿನ ಪಾಲಿಗೆ ಇಲ್ಲವೇ ಇಲ್ಲವೆನ್ನಬಹುದಾದ ನಕ್ಷತ್ರದ ಬೆಳಕು ಹೀಗೆ ದರ್ಪಣದ ಎಲ್ಲ ಭಾಗಗಳಿಂದ ತಿರುಗಿ, ಸಮವಾದ ದಾರಿಗಳಲ್ಲಿ ನಡೆದು, ಒಂದು ಬಿಂದುವಿನಲ್ಲಿ ಕೂಡಿ, ಅಲ್ಲಿಟ್ಟ ಫಲಕದ ಮೇಲೆ ತನ್ನ ಗುರುತನ್ನು ಬಿಡುತ್ತದೆ. ಗೋಡೆಯ ಕನ್ನಡಿಯಲ್ಲಿ ಕೈಗೆಟುಕದೆ ಉಳಿದ ಗಂಟನ್ನು, ಅದೇ ಸಮಕೋನದ ನಿಯಮದಿಂದ, ಬಾಗಿದ ಕನ್ನಡಿಯು ಆಕಾಶದಿಂದ ಇಳಿಸಿ ಅಂಗೈಯಗಲದ ಫಲಕದ ಮೇಲೆ ತಂದಿಟ್ಟಿದೆ.